ಹೊಸ್ತಿಲಾಚೆ ನಿಂತ ಜೀವದಯೆ

ಯಜ್ಞದ ಹವಿಸ್ಸನ್ನು ಮುಟ್ಟಿತೆಂದು ಪೆಟ್ಟು ತಿಂದು ಸಾಯುತ್ತಿದ್ದ ನಾಯಿಗೆ ಜೀವಂಧರನು ಪಂಚನಮಸ್ಕಾರ ಮಂತ್ರವನ್ನು ಕೇಳಿಸಿದನು. ಅದು ಸುದರ್ಶನ ಯಕ್ಷನಾಗಿ ಹುಟ್ಟಿತು. ಮುಂಬೈಯ ಪಿಂಜರಾಪೋಲ್ 1834ರಲ್ಲಿ ತಲೆಯೆತ್ತಿದ್ದೂ ಬೀದಿನಾಯಿಗಳ ಹತ್ಯೆಯನ್ನು ಕಂಡು ನೊಂದವರಿಂದಲೇ. ಅದೇ ಪರಂಪರೆಯ ಶ್ರಾವಕರು ಇಂದು ವಾಹನ ಬಡಿದು ಕಾಲು ಮುರಿದ ನಾಯಿಯನ್ನು ‘ಮಾಂಸಾಹಾರಿ ಪ್ರಾಣಿ, ಮನೆ ಅಶುದ್ಧವಾದೀತು’ ಎಂದು ಹೊಸ್ತಿಲಾಚೆಗೇ ತಡೆಯುತ್ತಾರೆ. ಹಾಗೆನ್ನುವವರು ಜೀವಂಧರನ ಕಥೆಯಲ್ಲಿ ಬಡಿದವರ ಪಕ್ಕದಲ್ಲಿ ನಿಂತಿದ್ದಾರೆ.

ಪಟ್ಟಿ ಕಟ್ಟಿ ಬೀದಿಗೆ ಬಿಟ್ಟರೆ ಗಾಯಕ್ಕೆ ಹುಳು ಬೀಳುತ್ತದೆ. ಮುರಿದ ಮೂಳೆ ಕೂಡಲು ವಾರಗಟ್ಟಲೆ ವಿಶ್ರಾಂತಿ ಬೇಕು. ಏಳಲಾರದ ಜೀವದ ಮಗ್ಗುಲನ್ನು ಕೆಲವು ಗಂಟೆಗೊಮ್ಮೆ ಬದಲಿಸಬೇಕು. ಗೋಶಾಲೆಗೆ ಕೊಟ್ಟ ದೇಣಿಗೆಯ ರಸೀದಿ ಈ ಶುಶ್ರೂಷೆ ಮಾಡದು. ಬಾಲ್ಕನಿಯ ಒಂದು ಮೂಲೆ, ಹಳೆಯ ಕಂಬಳಿ, ಎರಡು ತಿಂಗಳು: ಇಷ್ಟನ್ನೂ ಕೊಡಲೊಲ್ಲದ ಮನೆಯಲ್ಲಿ ಜೀವದಯೆ ಬರಿಯ ಗೋಡೆಬರಹ.