ಲ್ಯಾಪ್‌ಟಾಪಿನ ಜ್ವರ

ನಮ್ಮ ಕಾಲೇಜಿನ ಮಿತ್ರರಲ್ಲಿ ಒಂದು ನಂಬಿಕೆ ಬಲವಾಗಿ ಬೇರುಬಿಟ್ಟಿದೆ. ಲ್ಯಾಪ್‌ಟಾಪ್ ಎಂಬುದು ತೆರೆಯಬಾರದ ಪೆಟ್ಟಿಗೆ. ಅದು ಕಾದರೆ, ಕೂಗಿದರೆ, ನಡುವೆ ತಾನಾಗಿಯೇ ಆರಿಹೋದರೆ ಅದರ ಆಯುಸ್ಸು ಮುಗಿಯಿತೆಂದೇ ಅರ್ಥ. ಇನ್ನು ಉಳಿದದ್ದು ಅಂಗಡಿಯವನು ಕೇಳಿದಷ್ಟು ಹಣ ತೆರುವುದು, ಇಲ್ಲವೆ ಹೊಸದನ್ನು ಕೊಳ್ಳುವುದು. ಒಂದು ವರ್ಷದ ಹಿಂದೆ ನಾನೂ ಈ ನಂಬಿಕೆಯವಳೇ ಆಗಿದ್ದೆ. ಅದು ತಪ್ಪೆಂದು ಹೇಳುವುದಕ್ಕಾಗಿಯೇ ಈ ನಾಲ್ಕು ಮಾತು ಬರೆಯುತ್ತಿದ್ದೇನೆ. ಇತಿಹಾಸ ಓದುವವಳಿಗೆ ಯಂತ್ರದ ಗೊಡವೆ ಏಕೆಂದು ವಿಜ್ಞಾನದವರು ನಕ್ಕರೆ ನಗಲಿ.

ನನ್ನ ಲ್ಯಾಪ್‌ಟಾಪ್ ಬೆಂಗಳೂರಿನಲ್ಲಿರುವ ಸೋದರಮಾವ ಮೂರು ವರ್ಷ ಬಳಸಿ ಕೊಟ್ಟದ್ದು. ನನ್ನ ಕೈಗೆ ಬಂದಮೇಲೆ ಎರಡು ವರ್ಷ ಒಳ್ಳೆಯ ಮಗುವಿನಂತಿತ್ತು. ಕಳೆದ ಏಪ್ರಿಲ್ ತಿಂಗಳಿನಲ್ಲಿ, ಮಸ್ಕಿಯ ಅಶೋಕ ಶಾಸನವನ್ನು ಕುರಿತ ಪ್ರಬಂಧವನ್ನು ಒಪ್ಪಿಸಲು ಒಂಬತ್ತು ದಿನ ಉಳಿದಿರುವಾಗ, ಅದಕ್ಕೆ ಜ್ವರ ಬಂತು. ಹತ್ತು ನಿಮಿಷ ಬರೆಯುವಷ್ಟರಲ್ಲಿ ತಳ ಸುಡುವುದು, ಒಳಗೆ ಬೀಸಣಿಗೆ ಗಿರಣಿಯಂತೆ ಕೂಗುವುದು, ಅಕ್ಷರ ಒತ್ತಿದರೆ ಎಷ್ಟೋ ಹೊತ್ತಿನ ಮೇಲೆ ಮೂಡುವುದು, ಕೊನೆಗೆ ಪರದೆ ಕಪ್ಪಾಗುವುದು. ರಾಯಚೂರಿನ ಏಪ್ರಿಲ್ ಎಂದರೆ ಓದುಗರಿಗೆ ವಿವರಿಸಬೇಕಾದದ್ದಿಲ್ಲ. ನಮ್ಮದು ತಗಡಿನ ಮನೆ. ಒಂದೇ ಕೋಣೆಯ ಒಂದು ಮೂಲೆಯಲ್ಲಿ ಅವ್ವನ ಹೊಲಿಗೆ ಯಂತ್ರ, ಇನ್ನೊಂದು ಮೂಲೆಯಲ್ಲಿ ಕೌದಿಯ ಮೇಲೆ ನಾನು, ನನ್ನ ಮುಂದೆ ಅದೇ ಕೌದಿಯ ಮೇಲೆ ಲ್ಯಾಪ್‌ಟಾಪು.

ಪೇಟೆಯ ಅಂಗಡಿಗೆ ಒಯ್ದೆ. ಅಲ್ಲಿದ್ದವರು ತಳಕ್ಕೆ ಅಂಗೈ ಇಟ್ಟು ನೋಡಿ, ಒಂದು ತಿರುಪನ್ನೂ ಬಿಚ್ಚದೆ, "ಮದರ್‌ಬೋರ್ಡ್ ಹೋಗ್ಯಾದ, ಒಂಬತ್ತು ಸಾವಿರ ಆಗ್ತದ" ಎಂದರು. ನಮ್ಮ ಮನೆಯಲ್ಲಿ ಹಣದ ಲೆಕ್ಕ ಜಂಪರುಗಳಲ್ಲಿ ನಡೆಯುತ್ತದೆ. ಒಂದು ಜಂಪರಿನ ಹೊಲಿಗೆಗೆ ಅವ್ವ ತೆಗೆದುಕೊಳ್ಳುವುದು 150 ರೂಪಾಯಿ. 9,000 ಎಂದರೆ ಅರವತ್ತು ಜಂಪರು. ನಾನು ಯಂತ್ರವನ್ನು ಚೀಲದಲ್ಲಿ ಹಾಕಿಕೊಂಡು ಹಿಂದಿರುಗಿದೆ.

ಅವ್ವ ಎಲ್ಲವನ್ನೂ ಕೇಳಿ ಹೇಳಿದ್ದಿಷ್ಟು: "ಅಲ್ಲವ್ವಾ, ಅದರ ಹೊಟ್ಟಿ ತೆಗೆದು ಒಮ್ಮೆರ ನೋಡೀಯೇನ? ನನ್ನ ಮಿಷನ್ ಬಿಗಿ ಹಿಡಿದರ ನಾ ಮೊದಲ ಧೂಳ ತೆಗೀತೀನಿ, ಆಮ್ಯಾಲ ಮಂದೀನ್ನ ಕೇಳ್ತೀನಿ."

ಅವಳ ಯಂತ್ರಕ್ಕೆ ಇಪ್ಪತ್ತು ವರ್ಷ ದಾಟಿದೆ. ಪ್ರತಿ ಅಮಾವಾಸ್ಯೆಗೆ ಸೂಜಿಯ ಕೆಳಗಿನ ತಗಡನ್ನು ಬಿಚ್ಚಿ, ಬಟ್ಟೆ ಸರಿಸುವ ಹಲ್ಲುಗಳ ಸಂದಿನಲ್ಲಿ ಒತ್ತಿಕೊಂಡ ನೂಲಿನ ಧೂಳನ್ನು ಕುಂಚದಿಂದ ಕೆದರಿ ತೆಗೆದು, ಎರಡು ಹನಿ ಎಣ್ಣೆ ಬಿಡುತ್ತಾಳೆ. ಏಳನೆಯ ಇಯತ್ತೆಯವರೆಗೆ ಓದಿದವಳು ತನ್ನ ಯಂತ್ರದ ಒಡಲನ್ನು ಬಲ್ಲಳು, ಬಿ.ಎ. ಮುಗಿಸುತ್ತಿರುವ ನಾನು ನನ್ನದನ್ನು ಅರಿಯೆ. ಆ ರಾತ್ರಿ ನನಗೆ ನಿದ್ರೆ ಬಾರದ್ದು ಬರಿಯ ಸೆಖೆಯಿಂದಲ್ಲ.

ಓದಿ ತಿಳಿದುಕೊಂಡೆ. ಲ್ಯಾಪ್‌ಟಾಪು ಬಳಸುವ ವಿದ್ಯುತ್ತೆಲ್ಲ ಕೊನೆಗೆ ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವೇ ಆಗುತ್ತದೆ. ಇದು ಯಂತ್ರದ ದೋಷವಲ್ಲ, ಪ್ರಕೃತಿಯ ನಿಯಮ. 1946ರಲ್ಲಿ ಅಮೆರಿಕದಲ್ಲಿ ಲೋಕಕ್ಕೆ ತೋರಿಸಿದ ಎನಿಯಾಕ್ ಎಂಬ ಗಣಕಯಂತ್ರಕ್ಕೆ ಸುಮಾರು 18,000 ನಿರ್ವಾತ ಕೊಳವೆಗಳಿದ್ದು, ಅದು 150 ಕಿಲೋವ್ಯಾಟ್‌ನಷ್ಟು ವಿದ್ಯುತ್ತನ್ನು ನುಂಗುತ್ತಿತ್ತಂತೆ. ನಮ್ಮ ತೆಳು ಲ್ಯಾಪ್‌ಟಾಪುಗಳ ಪ್ರೊಸೆಸರ್ ಸಾಧಾರಣವಾಗಿ ಬಳಸುವುದು 15 ವ್ಯಾಟ್ ಮಾತ್ರ. ಅಷ್ಟೇ ತಾನೆ ಎನ್ನಬೇಡಿ. ಆ 15 ವ್ಯಾಟ್ ಹುಟ್ಟುವುದು ಬೆರಳಿನ ಉಗುರಿನಷ್ಟು ಜಾಗದಲ್ಲಿ. ಅವ್ವನ ಇಸ್ತ್ರಿ ಪೆಟ್ಟಿಗೆ 1,000 ವ್ಯಾಟ್‌ನದಾದರೂ ಅದರ ತಳ ಅಂಗೈಗಿಂತ ಅಗಲ. ಪ್ರತಿ ಚದರ ಸೆಂಟಿಮೀಟರಿಗೆ ಎಷ್ಟೆಂದು ಲೆಕ್ಕ ಹಾಕಿ ನೋಡಿದರೆ, ನಮ್ಮ ತೊಡೆಯ ಮೇಲಿನ ಪೆಟ್ಟಿಗೆಯೊಳಗಿನ ಆ ಚೂರು ಇಸ್ತ್ರಿಗಿಂತ ಹೆಚ್ಚು ಶಾಖವನ್ನು ಉಗುಳುತ್ತಿರುತ್ತದೆ! ಅದು ಇಸ್ತ್ರಿಯಾಗದಿರುವುದು ಒಂದೇ ಕಾರಣಕ್ಕೆ: ಶಾಖವನ್ನು ಬಿಡುವಿಲ್ಲದೆ ಹೊರಗೆ ಸಾಗಿಸುವ ಏರ್ಪಾಡು ಅಲ್ಲಿದೆ.

ಆ ಏರ್ಪಾಡು ನೋಡತಕ್ಕದ್ದು. ಪ್ರೊಸೆಸರಿನ ಮೇಲೆ ಬೂದು ಬಣ್ಣದ ಒಂದು ಲೇಪ. ಲೇಪದ ಮೇಲೆ ತಾಮ್ರದ ಚಪ್ಪಟೆ ಕೊಳವೆ. ಕೊಳವೆಯೊಳಗೆ ಅತಿ ಸ್ವಲ್ಪ ದ್ರವ. ಬಿಸಿ ಕಡೆಯಲ್ಲಿ ಅದು ಆವಿಯಾಗಿ, ತಂಪು ಕಡೆಗೆ ಓಡಿ, ಅಲ್ಲಿ ಮತ್ತೆ ಹನಿಯಾಗಿ, ದೀಪದ ಬತ್ತಿ ಎಣ್ಣೆ ಹೀರುವಂತೆ ಒಳಗೋಡೆಯ ಮೂಲಕ ಹಿಂದಿರುಗುತ್ತದೆ. ಅನ್ನದ ಪಾತ್ರೆಯ ಮುಚ್ಚಳದಲ್ಲಿ ನಿತ್ಯ ಕಾಣುವುದೂ ಇದೇ. 1963ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಶಾಲೆಯಲ್ಲಿ ಜಾರ್ಜ್ ಗ್ರೋವರ್ ಎಂಬವರು ಇಂಥ ಕೊಳವೆಯನ್ನು ಮಾಡಿ ತೋರಿಸಿದರು. ಕೊಳವೆಯ ತುದಿಗೆ ಪುಸ್ತಕದ ಹಾಳೆಗಳಂತೆ ಒತ್ತೊತ್ತಾಗಿ ನಿಲ್ಲಿಸಿದ ತೆಳು ಲೋಹದ ರೆಕ್ಕೆಗಳು. ಅವುಗಳ ನಡುವೆ ಗಾಳಿ ನೂಕಲು ಒಂದು ಬೀಸಣಿಗೆ. ಅದು ಬಹುತೇಕ ಯಂತ್ರಗಳಲ್ಲಿ ತಳದ ಸೀಳುಗಳಿಂದ ಗಾಳಿಯನ್ನೆಳೆದು ಪಕ್ಕಕ್ಕೋ ಹಿಂದಕ್ಕೋ ಬಿಡುತ್ತದೆ.

ಇನ್ನು ನನ್ನ ಕೌದಿಯ ವಿಚಾರ ಓದುಗರಿಗೆ ಹೊಳೆದಿರಬೇಕು. ತಳದ ಸೀಳುಗಳಿಗೆ ಕೌದಿ ಮೂಗು ಮುಚ್ಚಿದ ಹಾಗೆ ಆಗಿತ್ತು. ಅದರ ಮೇಲೆ ನಮ್ಮ ಊರಿನ ಗಾಳಿ. ಬೀಸಣಿಗೆ ತಂಪನ್ನು ಹುಟ್ಟಿಸಲಾರದು. ಕೋಣೆಯ ಗಾಳಿಯನ್ನೇ ಒಳಕ್ಕೆ ಕೊಡುತ್ತದೆ. ಬೆಂಗಳೂರಿನಲ್ಲಿ 28 ಡಿಗ್ರಿಯ ಗಾಳಿ ಉಸಿರಾಡಿದ ಯಂತ್ರ ನಮ್ಮಲ್ಲಿ 41 ಡಿಗ್ರಿಯದನ್ನು ಉಸಿರಾಡಿದರೆ, ಒಳಗಿನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಮೇಲೇರುತ್ತದೆ. ಪ್ರೊಸೆಸರು 100 ಡಿಗ್ರಿಯ ಆಸುಪಾಸಿಗೆ ಬಂದಾಗ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅದೂ ಸಾಲದಾದರೆ ಯಂತ್ರ ಆರಿಬಿಡುತ್ತದೆ. ನಾನು ಸಾವೆಂದು ಭಾವಿಸಿದ್ದು ಅದರ ಆತ್ಮರಕ್ಷಣೆಯಾಗಿತ್ತು.

ಮರುದಿನ ಅವ್ವನ ಕತ್ತರಿಸುವ ಹಲಗೆಯ ಮೇಲೆ ಕೆಲಸ ಹಿಡಿದೆವು. ಪ್ರಬಂಧವನ್ನು ಮೊದಲೇ ಪೆನ್‌ಡ್ರೈವಿಗೆ ತೆಗೆದಿಟ್ಟಿದ್ದೆ. ಯಂತ್ರವನ್ನು ಪೂರ್ತಿ ಆರಿಸಿ, ಚಾರ್ಜರ್ ಕಿತ್ತು, ತಣ್ಣಗಾದಮೇಲೆ ತಳದ ಹನ್ನೊಂದು ತಿರುಪುಗಳನ್ನು ಬಿಚ್ಚಿದೆ. ಅವು ಒಂದೇ ಉದ್ದದವಲ್ಲ. ಆದ್ದರಿಂದ ಕಾಗದದ ಮೇಲೆ ತಳದ ಚಿತ್ರ ಬರೆದು, ಪ್ರತಿಯೊಂದನ್ನೂ ಅದರದರ ಸ್ಥಾನದಲ್ಲೇ ಚುಚ್ಚಿಟ್ಟೆ. ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಅಂಚನ್ನು ಮೀಟುವಾಗ ಅವಸರಪಟ್ಟು ಒಂದು ಕೊಂಡಿಯನ್ನು ಮುರಿದೆನೆಂಬುದನ್ನೂ ಒಪ್ಪಿಕೊಳ್ಳಬೇಕು. ಆ ಮೂಲೆ ಇಂದಿಗೂ ತುಸು ಬಾಯಿ ಬಿಟ್ಟಿದೆ. ತಳ ತೆರೆದೊಡನೆ ಮೊದಲು ಬ್ಯಾಟರಿಯ ಕೊಂಡಿಯನ್ನು ಬಿಡಿಸಿ, ಆಮೇಲೆ ಬೀಸಣಿಗೆಯನ್ನು ಎತ್ತಿದೆ.

ಬೀಸಣಿಗೆಗೂ ಲೋಹದ ರೆಕ್ಕೆಗಳಿಗೂ ನಡುವೆ ಒಂದು ಕಂಬಳಿ ಇತ್ತು! ಬೇರೆ ಮಾತು ನನಗೆ ತೋಚದು. ಬೆರಳಿನಷ್ಟು ಉದ್ದ, ಬೂದು ಬಣ್ಣ, ಅಲ್ಲಲ್ಲಿ ನೀಲಿ ಕೆಂಪು ಎಳೆ. ಹೊರಗಿನಿಂದ ನೋಡಿದರೆ ಕಾಣುವಂಥದಲ್ಲ. ಸೀಳುಗಳು ಸ್ವಚ್ಛವಾಗಿಯೇ ಇದ್ದವು. ಅವ್ವ ಅದನ್ನು ಚಿಮಟಿಗೆಯಿಂದ ಎಳೆದು ಬೆಳಕಿಗೆ ಹಿಡಿದು, "ಈ ನೀಲಿ ದೀಪಾವಳಿ ಜಂಪರಿಂದು" ಎಂದಳು. ಅವಳ ಯಂತ್ರದ ಹಲ್ಲಿನಲ್ಲಿ ಕೂರುವ ನೂಲಿನ ಧೂಳೇ ಗಾಳಿಯಲ್ಲಿ ತೇಲಿ ನನ್ನ ಯಂತ್ರದ ಗಂಟಲಿನಲ್ಲೂ ಕೂತಿತ್ತು. ಬೀಸಣಿಗೆಯ ಎಲೆಗಳು ತಿರುಗದಂತೆ ಬೆರಳಿನಿಂದ ಹಿಡಿದು ಕುಂಚವಾಡಿಸಿದೆ. ಜೋರಾಗಿ ಗಾಳಿ ಊದಿ ಅದನ್ನು ಬುಗುರಿಯಂತೆ ತಿರುಗಿಸಿದರೆ ಕೆಡುವ ಸಂಭವವುಂಟು. ಉಷ್ಣತೆ ತೋರಿಸುವ ತಂತ್ರಾಂಶವೊಂದರಲ್ಲಿ ಹಿಂದಿನ ದಿನ 97 ಡಿಗ್ರಿ ಕಂಡಿದ್ದೆ; ಮುಚ್ಚಿ ಹಚ್ಚಿದಮೇಲೆ ಅದೇ ಕೆಲಸಕ್ಕೆ 78 ಬಂತು. ಬೂದು ಲೇಪ ಐದು ವರ್ಷದಲ್ಲಿ ಒಣಗಿ ಪುಡಿಯಾಗಿತ್ತೆಂದು ತಿಳಿದದ್ದು ಆಮೇಲೆ. ಕಾಲೇಜಿನ ಗಣಕಕೋಣೆಯ ಸಿಬ್ಬಂದಿಯೊಬ್ಬರು ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಲೇಪವಿಟ್ಟುಕೊಟ್ಟರು. ಈಗ 71. ಪ್ರಬಂಧ ಎರಡು ದಿನ ಮೊದಲೇ ಒಪ್ಪಿತವಾಯಿತು.

ನಮ್ಮವರು ಮಾಡುವ ಉಪಚಾರಗಳನ್ನು ನೆನೆದರೆ ಭಯವಾಗುತ್ತದೆ. ತಳಕ್ಕೆ ಒದ್ದೆ ಬಟ್ಟೆ ಸುತ್ತುವವರಿದ್ದಾರೆ. ವಸತಿಗೃಹದ ಗೆಳತಿಯೊಬ್ಬಳು ಫ್ರಿಜ್ಜಿನಲ್ಲಿಟ್ಟು ತೆಗೆದಳು. ಹೊರಗೆ ಬಂದೊಡನೆ ಒಳಗೆಲ್ಲ ನೀರಿನ ಹನಿ ಕೂಡಬಹುದೆಂಬ ಯೋಚನೆಯೇ ಅವಳಿಗಿರಲಿಲ್ಲ. ಬೀಸಣಿಗೆಯುಳ್ಳ ಮಣೆಗಳನ್ನು ಕೊಳ್ಳುವವರು ಇನ್ನೂ ಹಲವರು. ಅದರಿಂದ ತುಸು ಉಪಯೋಗ ಇಲ್ಲದಿಲ್ಲ. ಆದರೆ ಗಂಟಲಿನಲ್ಲಿ ಕಂಬಳಿಯಿಟ್ಟುಕೊಂಡವನಿಗೆ ಹೊರಗಿನಿಂದ ಬೀಸಿದರೆ ಏನಾದೀತು? ಹಣ ಬೇಡದ ಉಪಾಯಗಳು ಬೇರೆಯೇ ಇವೆ. ಗಟ್ಟಿ ಹಲಗೆಯ ಮೇಲಿಡುವುದು. ಹಿಂಬದಿಯನ್ನು ಎರಡು ಬೆರಳು ಎತ್ತರಿಸುವುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಕೂಡಿ ಒತ್ತಿ, ಯಾವ ಕಾರ್ಯಕ್ರಮ ಯಂತ್ರವನ್ನು ದುಡಿಸುತ್ತಿದೆಯೆಂದು ನೋಡುವುದು. ನನ್ನದರಲ್ಲಿ ಬ್ರೌಸರಿನ ಮೂವತ್ತೊಂದು ಪುಟಗಳು ತೆರೆದೇ ಇದ್ದವು, ಅವುಗಳಲ್ಲಿ ಒಂದು ಹೋದ ಜನವರಿಯ ಹಾಲ್ ಟಿಕೆಟ್. ಅಂದಹಾಗೆ, ತೊಡೆಯ ಮೇಲಿಟ್ಟು ದಿನವೂ ಗಂಟೆಗಟ್ಟಲೆ ಕೂತರೆ ಚರ್ಮದ ಮೇಲೆ ಬಲೆಯಂಥ ಕಂದು ಕಲೆ ಮೂಡುವುದುಂಟೆಂದು ವೈದ್ಯರು ಹೇಳುತ್ತಾರೆ. ತೊಡೆಯ ಹೆಸರನ್ನೇ ಇಟ್ಟುಕೊಂಡ ಯಂತ್ರ ತೊಡೆಗೆ ಯೋಗ್ಯವಲ್ಲ!

ಎಲ್ಲವನ್ನೂ ನಾವೇ ಬಿಚ್ಚಬೇಕೆಂಬ ಹಟ ನನ್ನದಲ್ಲ. ವಾರಂಟಿ ಇರುವ ಹೊಸ ಯಂತ್ರ ಕಂಪೆನಿಯವರ ಬಳಿಗೇ ಹೋಗಲಿ. ಬ್ಯಾಟರಿ ಉಬ್ಬಿ ಕೀಲಿಮಣೆ ಮೇಲೆದ್ದಿದ್ದರೆ ಆ ಕ್ಷಣವೇ ಬಳಕೆ ನಿಲ್ಲಿಸತಕ್ಕದ್ದು. ಅದನ್ನು ಚುಚ್ಚಬಾರದು, ಒತ್ತಬಾರದು, ಚಾರ್ಜ್ ಮಾಡಬಾರದು, ತಿಳಿದವರ ಕೈಗೆ ಒಪ್ಪಿಸಬೇಕು, ಏಕೆಂದರೆ ಅಲ್ಲಿ ಬೆಂಕಿಯ ಅಪಾಯವಿದೆ. ಮದರ್‌ಬೋರ್ಡ್ ನಿಜವಾಗಿಯೂ ಹೋಗುವುದೂ ಉಂಟು. ಅಂಗಡಿಯವರು ನನ್ನನ್ನು ಮೋಸ ಮಾಡಬೇಕೆಂದೇ ಹೇಳಿದರೆಂದು ನಾನು ಎನ್ನಲಾರೆ. ಆದರೆ ತೆರೆದು ನೋಡದೆ ಹೇಳಿದರು, ನಾನು ತೆರೆದು ನೋಡಿರೆಂದು ಕೇಳಲಿಲ್ಲ. ನಮ್ಮ ಕಾಲೇಜಿನಲ್ಲಿ ಸರ್ಕಾರ ಕೊಟ್ಟ ಲ್ಯಾಪ್‌ಟಾಪು ಪಡೆದು ಹೋದ ಹಿರಿಯರಿದ್ದಾರೆ. ಅವರ ತಮ್ಮ ತಂಗಿಯರು ಅವನ್ನೇ ಹಿಡಿದುಕೊಂಡು ಈಗ ಓದುತ್ತಿದ್ದಾರೆ. ಅವುಗಳಲ್ಲಿ ಎಷ್ಟು ಯಂತ್ರಗಳು ಬರಿಯ ಧೂಳಿನ ದೆಸೆಯಿಂದ ಅಟ್ಟ ಸೇರಿವೆಯೋ!

ನನ್ನ ಅಭಿಪ್ರಾಯದಲ್ಲಿ ಇದು ಕಾಲೇಜೇ ಕೈಗೊಳ್ಳಬೇಕಾದ ಕೆಲಸ. ಸಣ್ಣ ತಿರುಪುಳಿಗಳ ಒಂದು ಪೆಟ್ಟಿಗೆ, ಎರಡು ಕುಂಚ, ಒಂದು ಚಿಮಟಿಗೆ, ಒಂದು ಕೊಳವೆ ಲೇಪ, ಒಂದು ಸೀಸೆ ಆಲ್ಕೊಹಾಲು, ಇಷ್ಟಕ್ಕೆ ಸಾವಿರ ರೂಪಾಯಿಯ ಸುಮಾರು ಸಾಕು. ಇವು ಗ್ರಂಥಾಲಯದಲ್ಲಿದ್ದು, ಪುಸ್ತಕದಂತೆಯೇ ಸಹಿ ಹಾಕಿ ಪಡೆಯುವಂತಾಗಲಿ. ಪ್ರತಿ ಪರೀಕ್ಷೆಗೆ ಮೂರು ವಾರ ಮುಂಚೆ ಒಂದು ಶನಿವಾರ, ಗಣಕಕೋಣೆಯಲ್ಲಿ, ಬಲ್ಲವರು ಎದುರಿಗಿರುವಾಗ ನಮ್ಮ ನಮ್ಮ ಯಂತ್ರಗಳನ್ನು ನಾವೇ ತೆರೆಯೋಣ. "ಕಲಾ ವಿಭಾಗದವರು ಕೈಹಚ್ಚಿ ಕೆಡಿಸಿದರೆ ಹೊಣೆ ಯಾರದು?" ಎಂದು ಅಧ್ಯಾಪಕರೊಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಹೊಣೆ ನಮ್ಮದೆಂದು ಬರೆದುಕೊಡಲು ಸಿದ್ಧರಿದ್ದೇವೆ. ಕೈಹಚ್ಚದೆ ಕೆಟ್ಟವುಗಳ ಹೊಣೆಯನ್ನು ಇದುವರೆಗೂ ನಾವೇ ಹೊತ್ತಿದ್ದೇವಲ್ಲ.

ಇಪ್ಪತ್ಮೂರು ಮಂದಿ ಸಹಿ ಮಾಡಿದ ಅರ್ಜಿಯನ್ನು ಮಾನ್ಯ ಪ್ರಾಂಶುಪಾಲರಿಗೆ ಸಲ್ಲಿಸಿ ಆಗಿದೆ. ಗ್ರಂಥಪಾಲಕರು ತಮ್ಮ ಮೇಜಿನ ಒಂದು ಸೆಳೆಖಾನೆಯನ್ನು ಈಗಾಗಲೇ ಖಾಲಿ ಮಾಡಿಟ್ಟಿದ್ದಾರೆ. ನನ್ನ ಯಂತ್ರ ಕೌದಿಯನ್ನು ಬಿಟ್ಟು ಹಲಗೆಗೆ ಏರಿದೆ. ಅದರ ಹಿಂಬದಿಗೆ ಅವ್ವ ಎರಡು ಖಾಲಿ ದಾರದ ಉಂಡಿಕೆಗಳನ್ನು ಒತ್ತಾಗಿ ಕೊಟ್ಟಿದ್ದಾಳೆ. ಅಮಾವಾಸ್ಯೆ ಬಂದಾಗ ಅವಳ ಯಂತ್ರದ ಜೊತೆಗೆ ಇದನ್ನೂ ನೆನಪಿಸುತ್ತಾಳೆ. ತಿಂಗಳಿಗೊಮ್ಮೆ ಬಿಚ್ಚುವ ಅಗತ್ಯವಿಲ್ಲ, ಆರು ತಿಂಗಳಿಗೊಮ್ಮೆ ಸಾಕೆಂದು ನಾನು ಎಷ್ಟು ಹೇಳಿದರೂ ಅವಳಿಗೆ ಇನ್ನೂ ಒಪ್ಪಿಗೆಯಾಗಿಲ್ಲ.