ಶಾಸನದ ಚಿತ್ರಕ್ಕೆ ನೆರಳೂ ಬೇಕು

ವಿಜಯದಾಸರ ಕಟ್ಟೆಯಿರುವ ಚಿಪ್ಪಗಿರಿಯು ಬಳ್ಳಾರಿ ಜಿಲ್ಲೆಯ ಆಲೂರು ತಾಲೂಕಿನೊಡನೆ 1953ರಲ್ಲಿ ಆಂಧ್ರಕ್ಕೆ ಸೇರಿತು. ನಮ್ಮ ಕಾಸರಗೋಡು 1956ರಲ್ಲಿ ಕೇರಳಕ್ಕೆ. ಇಂಥ ಗಡಿನೆಲಗಳಲ್ಲಿ ಕನ್ನಡದ ಹಳಮೆಗೆ ಕಲ್ಲಿನ ಶಾಸನಗಳೇ ಗಟ್ಟಿ ಸಾಕ್ಷಿ. ಅವುಗಳ ಚಿತ್ರ ತೆಗೆಯುವ ಯುವಕರ ಉತ್ಸಾಹ ಸ್ತುತ್ಯರ್ಹವೇ ಸರಿ. ಆದರೆ ಡಿಜಿಟಲ್ ಕ್ಯಾಮರಾದ ‘ಎಚ್‌ಡಿಆರ್’ ವ್ಯವಸ್ಥೆಯ ಕುರಿತು ಒಂದು ಮಾತು ಹೇಳಬೇಕಾಗಿದೆ.

ಗುಡಿಯೊಳಗಿನ ಕತ್ತಲೆ, ಹೊರಗಿನ ಉರಿಬಿಸಿಲು ಎರಡನ್ನೂ ಒಂದೇ ಚಿತ್ರದಲ್ಲಿ ಹಿಡಿಯುವ ಶಕ್ತಿ ಕ್ಯಾಮರಾಕ್ಕೆ ಸೀಮಿತ. ಹೆಚ್ಚು ಕಡಿಮೆ ಬೆಳಕಿನಲ್ಲಿ ತೆಗೆದ ಹಲವು ಚಿತ್ರಗಳನ್ನು ಬೆಸೆದು ಎಚ್‌ಡಿಆರ್ ಈ ಕೊರತೆಯನ್ನು ನೀಗುತ್ತದೆ. ಮಂಟಪದ ಚಿತ್ರಕ್ಕೆ ಇದು ವರವೇ. ಶಾಸನದ ಸಂಗತಿ ಬೇರೆ. ಸವೆದ ಅಕ್ಷರವನ್ನು ನಾವು ಓದುವುದು ಅದರ ಗೀರಿನಲ್ಲಿ ನಿಂತ ನೆರಳಿನಿಂದ. ನೆರಳನ್ನು ತಿಳಿಯಾಗಿಸುವ ಎಚ್‌ಡಿಆರ್ ಅಕ್ಷರವನ್ನೇ ಮಸುಕುಗೊಳಿಸಬಹುದು.

ಆದುದರಿಂದ ಶಾಸನದ ಮುಂದೆ ಅದನ್ನು ನಿಲ್ಲಿಸಿ, ಓರೆ ಬಿಸಿಲಿನಲ್ಲಿ ಅಥವಾ ಬದಿಯಿಂದ ಹಿಡಿದ ಟಾರ್ಚಿನ ಬೆಳಕಿನಲ್ಲಿ ಚಿತ್ರ ತೆಗೆಯಬೇಕು. ತಿದ್ದದ ಮೂಲಪ್ರತಿಯನ್ನು ಜೋಪಾನವಾಗಿಡಬೇಕು. ನಾಳೆ ಕಲ್ಲು ಒಡೆದುಹೋದರೆ ವಿದ್ವಾಂಸರಿಗೆ ಉಳಿಯುವುದು ಆ ಚಿತ್ರವೊಂದೇ. ಅಂದಕ್ಕಿಂತ ಅಕ್ಷರ ಮುಖ್ಯವೆಂಬುದನ್ನು ನಮ್ಮ ಯುವಕರು ಮರೆಯಬಾರದು.