ಎದೆಯೊಳಗಿನ ಯಂತ್ರ, ಎದೆ ಮೇಲಿನ ಜೇಬು

ಹೊಸದುರ್ಗದ ಕಡೆಯ ಅಜ್ಜನೊಬ್ಬ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡು ಬಂದನೆನ್ನಿ. (ಆ ಆಸ್ಪತ್ರೆ ಹೊತ್ತಿರುವುದು ಚಿತ್ರದುರ್ಗದ ಮುರುಘಾಮಠದ ಜಯದೇವ ಸ್ವಾಮೀಜಿಯವರ ಹೆಸರನ್ನೇ.) ಮನೆಗೆ ಬಂದ ದಿನವೇ ತಗಾದೆ ಶುರು. ಅಜ್ಜನ ಮೊಬೈಲ್ ಕಿತ್ತಿಡಬೇಕೆಂದು ಮಗ, ಹಿತ್ತಲಾಚೆಯ ಟವರ್ ತೆಗೆಸಬೇಕೆಂದು ಸೊಸೆ. ಮೊಮ್ಮಗಳು ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದಾಳೆ. ಅವಳನ್ನು ಯಾರೂ ಕೇಳುವುದಿಲ್ಲ.

ಭಯಕ್ಕೆ ಬುಡವೇ ಇಲ್ಲವೆ? ಇದೆ. ಪೇಸ್‌ಮೇಕರ್ ಸುಮ್ಮನೆ ಟಿಕ್ ಟಿಕ್ ಎನ್ನುವ ಗಡಿಯಾರವಲ್ಲ. ಅದು ಹೃದಯದ ಸದ್ದಿಗೆ ಕಿವಿಗೊಟ್ಟು ಕೂತಿರುತ್ತದೆ. ಹೃದಯ ತಾನಾಗಿ ಬಡಿದರೆ ತೆಪ್ಪಗಿರುತ್ತದೆ, ತಡವಾದರೆ ಮಾತ್ರ ವಿದ್ಯುತ್ತಿನಿಂದ ಚಿಕ್ಕದಾಗಿ ಚುಚ್ಚುತ್ತದೆ. ಅದು ಆಲಿಸುವ ಸಂಜ್ಞೆ ಕೆಲವೇ ಮಿಲಿವೋಲ್ಟ್‌ಗಳಷ್ಟು. 2ಜಿ ಫೋನಾದರೋ ಮಾತಾಡುವಾಗ ಸೆಕೆಂಡಿಗೆ ಸುಮಾರು 217 ಬಾರಿ ರೇಡಿಯೊ ತರಂಗಗಳನ್ನು ಚಿಮ್ಮಿಸುತ್ತದೆ. ಅದನ್ನೇ ಎದೆಬಡಿತವೆಂದು ನಂಬಿ ಯಂತ್ರ ಸುಮ್ಮನಾದರೆ, ರೋಗಿಗೆ ಕಣ್ಣು ಕತ್ತಲಿಟ್ಟೀತು.

ಅಮೆರಿಕದ ವೈದ್ಯರು 980 ರೋಗಿಗಳ ಮೇಲೆ 5,533 ಪರೀಕ್ಷೆ ನಡೆಸಿ 1997ರಲ್ಲಿ ಫಲಿತಾಂಶ ಪ್ರಕಟಿಸಿದರು. ನೂರಕ್ಕೆ 20 ಪರೀಕ್ಷೆಗಳಲ್ಲಿ ಏನಾದರೊಂದು ಅಡಚಣೆ ಕಂಡಿತ್ತು. ಆದರೆ ಖಚಿತವಾಗಿ ಅಪಾಯವೆನ್ನಬಹುದಾದದ್ದು 1.7ರಷ್ಟು ಮಾತ್ರ, ಅದೂ ಫೋನನ್ನು ಪೇಸ್‌ಮೇಕರಿನ ಮೇಲೆಯೇ ಹಿಡಿದಾಗ. ಕಿವಿಗೆ ಹಿಡಿದು ಮಾತಾಡಿದಾಗ ಅಂಥ ತೊಂದರೆ ಒಂದೂ ಇಲ್ಲ. ಈಚಿನ ಪೇಸ್‌ಮೇಕರುಗಳಲ್ಲಿ ಟೈಟಾನಿಯಂ ಕವಚದ ಜೊತೆಗೆ ಹೊರಗಿನ ತರಂಗ ಸೋಸುವ ಜರಡಿಯೂ ಇದೆ.

ಈಗಿನ ತಲೆನೋವು ತರಂಗಕ್ಕಿಂತ ಅಯಸ್ಕಾಂತದ್ದು. ಮೇಲೆ ಅಯಸ್ಕಾಂತವಿಟ್ಟರೆ ಪೇಸ್‌ಮೇಕರ್ ಆಲಿಸುವುದನ್ನು ಬಿಟ್ಟು ಒಂದೇ ವೇಗದಲ್ಲಿ ಬಡಿಯತೊಡಗುತ್ತದೆ. ವೈದ್ಯರ ತಪಾಸಣೆಗೆಂದೇ ಇರಿಸಿದ ಏರ್ಪಾಡು ಅದು. ಅದರ ಅಣ್ಣನಂತಿರುವ ಡಿಫಿಬ್ರಿಲೇಟರ್ ಆದರೆ ಜೀವ ಉಳಿಸುವ ಶಾಕ್ ಕೊಡುವುದನ್ನೇ ನಿಲ್ಲಿಸುತ್ತದೆ. ಐಫೋನ್ 12ನ್ನು ರೋಗಿಯ ಎದೆಯ ಬಳಿ ತಂದಾಗ ಹೀಗೇ ಆಯಿತೆಂದು 2021ರ ಜನವರಿಯಲ್ಲಿ ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯ ವೈದ್ಯರು ವರದಿ ಮಾಡಿದರು. 15 ಸೆಂ.ಮೀ.ಗಿಂತ ದೂರವಿಡಿ, ವೈರಿಲ್ಲದೆ ಚಾರ್ಜ್ ಮಾಡುವಾಗ 30 ಸೆಂ.ಮೀ. ಎಂದು ತಯಾರಕರೇ ಹೇಳಿದರು.

ಹದಿನೈದು ಸೆಂಟಿಮೀಟರೆಂದರೆ ಒಂದು ಗೇಣೂ ಅಲ್ಲ. ತೊಡಕಿರುವುದು ದರ್ಜಿಯ ಕತ್ತರಿಯಲ್ಲಿ. ಪೇಸ್‌ಮೇಕರ್ ಕೂರುವುದು ಸಾಮಾನ್ಯವಾಗಿ ಎಡ ಕೊರಳೆಲುಬಿನ ಕೆಳಗೆ. ಹಿರಿಯೂರಿರಲಿ ಹೊಳಲ್ಕೆರೆಯಿರಲಿ, ಅಂಗಿಗೆ ಜೇಬು ಹೊಲಿಯುವುದೂ ಅದೇ ಕಡೆ! ಪಂಚೆಯುಟ್ಟ ಅಜ್ಜನಿಗೆ ಬೇರೆ ಜೇಬಾದರೂ ಎಲ್ಲಿ?

ಇನ್ನು ಸೊಸೆಯ ಟವರ್. ದೂರ ಇಮ್ಮಡಿಸಿದರೆ ತರಂಗದ ತೀವ್ರತೆ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಹಿತ್ತಲಾಚೆಯಿಂದ ಬಂದು ತಲುಪುವುದು ಎದೆಗಂಟಿದ ಫೋನಿನದಕ್ಕಿಂತ ತೀರಾ ಕಡಿಮೆ. ಟವರ್ ಕಿತ್ತರೆ ಫೋನು ಸುಮ್ಮನಿರುತ್ತದೆಯೆ? ಜೋಗಿಮಟ್ಟಿಯಂಥ ಗುಡ್ಡಗಳ ಮರೆಯಲ್ಲಿ, ಸಿಗ್ನಲ್ ಕ್ಷೀಣವಾದಲ್ಲಿ, ಅದು ಇನ್ನಷ್ಟು ಶಕ್ತಿ ಹಾಕಿ ಕೂಗುತ್ತದೆ.

ಮಗನ ಮಾತು ನಡೆದರೆ ಇನ್ನೂ ಕಷ್ಟ. ಹೊಲದಲ್ಲಿ ಒಬ್ಬನೇ ಇದ್ದಾಗ ಅಜ್ಜನಿಗೆ ಬವಳಿ ಬಂದರೆ 108ಕ್ಕೆ ಕರೆ ಮಾಡಲು ಬೇಕಾದದ್ದು ಅದೇ ಮೊಬೈಲ್. ಎಡಜೇಬಿನ ಹೊಲಿಗೆ ಬಿಚ್ಚಿಸಿ ಸೊಂಟದ ಬಲಕ್ಕೊಂದು ಜೇಬು ಹೊಲಿಸಲಿ, ಬಲಗಿವಿಯಲ್ಲೇ ಮಾತಾಡಲಿ.